ಡಾಟ್ ಕಾಮ್ ಹೆಸರಿನ ಬಾಡಿಗೆ ಯಾರ ಕಿಸೆಗೆ? ವೆರಿಸೈನ್ ಕಂಪನಿಯ ಲೆಕ್ಕ ಓದಿ ಕುಂತೀನಿ, ತಿಳಿದವರು ಹೇಳ್ರಿ

ವಿದ್ಯಾನಗರ_ವೆಬ್ (ಹುಬ್ಬಳ್ಳಿ):

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೀತೀನಿ, ಪುರುಸೊತ್ತಾದಾಗ ಓದ್ರಿ.

ವಿದ್ಯಾನಗರದಾಗ ನನ್ನದೊಂದು ಸಣ್ಣ ಆಫೀಸು ಐತಿ. ಹುಬ್ಬಳ್ಳಿ, ಗದಗ, ಹಾವೇರಿ ಕಡೆಯ ಅಂಗಡಿಯವರಿಗೆ, ಮಂಡಿಯವರಿಗೆ ವೆಬ್‌ಸೈಟ್ ಮಾಡಿಕೊಡ್ತೀನಿ. ಹೋದ ವಾರ ಬ್ಯಾಡಗಿಯ ಒಬ್ಬ ಮೆಣಸಿನಕಾಯಿ ವ್ಯಾಪಾರಸ್ಥರು ಬಂದಿದ್ದರು. ಐದು ವರ್ಷದ ನನ್ನ ಬಿಲ್ಲುಗಳನ್ನೆಲ್ಲ ಪ್ಲಾಸ್ಟಿಕ್ ಚೀಲದಾಗ ಕಟ್ಟಿಕೊಂಡು ಬಂದು ಟೇಬಲ್ ಮ್ಯಾಲೆ ಸಾಲಾಗಿ ಹರವಿದರು. ಡಿಸೈನ್ ಖರ್ಚಿನ ಬಗ್ಗೆ ಒಂದು ಮಾತಿಲ್ಲ. ‘ಡೊಮೇನ್ ರಿನ್ಯೂವಲ್’, ಅಂದರ ವೆಬ್‌ಸೈಟ್ ಹೆಸರಿನ ನವೀಕರಣ, ಅನ್ನೋ ಸಾಲಿನ ಕೆಳಗೆ ಮಾತ್ರ ಐದೂ ಬಿಲ್ಲಿನಾಗ ಪೆನ್ಸಿಲ್ ಗೆರೆ ಎಳೆದಿದ್ದರು. “ಹೆಸರು ನಮ್ಮಪ್ಪಂದು, ಮಂಡಿ ನಂದು. ಹೆಸರಿಗೆ ವರ್ಷಾ ಬಾಡಿಗಿ ಕೊಡೋದು ಬ್ಯಾರೆ, ಅದು ಏರಕೋತ ಹೊಂಟೈತಿ. ಈ ರೊಕ್ಕ ಹೋಗೋದು ಯಾರಿಗೆ?” ಅಂತ ಕೇಳಿದರು.

“ಡಾಲರ್ ಏರೇತ್ರಿ ಸಾವಕಾರ್ರ” ಅಂದೆ. ಅದು ಅರ್ಧ ಉತ್ತರ ಅಂತ ನನಗೂ ಗೊತ್ತಿತ್ತು. ಹನ್ನೆರಡು ವರ್ಷದಿಂದ ಈ ರೊಕ್ಕ ವಸೂಲಿ ಮಾಡಿ ಕಳಿಸ್ತಾ ಇರೋ ನನಗೇ ಪೂರ್ತಿ ಉತ್ತರ ಗೊತ್ತಿಲ್ಲ ಅನ್ನೋದು ಮನಸ್ಸಿಗೆ ಚುಚ್ಚಿತು. ಅವರು ಹೋದ ಮ್ಯಾಲೆ ಡಾಟ್ ಕಾಮ್ ನಡೆಸೋ ವೆರಿಸೈನ್ ಕಂಪನಿಯ ವಾರ್ಷಿಕ ವರದಿ ಇಳಿಸಿಕೊಂಡು ಮೂರು ರಾತ್ರಿ ಓದಿದೆ.

ಕಂಪನಿ ಇರೋದು ಅಮೆರಿಕದ ವರ್ಜೀನಿಯಾದ ರೆಸ್ಟನ್‌ನಲ್ಲಿ. ಕೆಲಸಗಾರರು 900 ಚಿಲ್ಲರೆ ಮಂದಿ, ಅಷ್ಟೇ. 2024ರ ಆದಾಯ 155.7 ಕೋಟಿ ಡಾಲರ್. ಅದರಾಗ ಖರ್ಚು ಕಳೆದು ಕಾರ್ಯಾಚರಣೆ ಲಾಭವಾಗಿ ಉಳಿದದ್ದು ಸುಮಾರು 106 ಕೋಟಿ. ಬಡ್ಡಿ, ತೆರಿಗೆ ಎಲ್ಲ ಹೋಗಿ ನಿವ್ವಳ ಲಾಭ 78.6 ಕೋಟಿ ಡಾಲರ್. ಅಂದರ ಬಡ್ಡಿ, ತೆರಿಗೆ ಕಟ್ಟೋ ಮೊದಲ ನೂರು ರೂಪಾಯಿಗೆ ಅರವತ್ತೆಂಟು ಉಳೀತದ. ನಮ್ಮ ಕಡೆ ಯಾವ ಧಂದೆಯಾಗ ಹಿಂಗ ಉಳೀತೈತಿ ಹೇಳ್ರಿ.

ನನಗ ಬಹಳ ಹೊತ್ತು ಹಿಡಿಸಿದ್ದು ಇನ್ನೊಂದು ಲೆಕ್ಕ. 2023ರ ಕೊನೆಗೆ ಡಾಟ್ ಕಾಮ್, ಡಾಟ್ ನೆಟ್ ಎರಡೂ ಸೇರಿ 17.27 ಕೋಟಿ ಹೆಸರುಗಳಿದ್ದವು. 2024ರ ಕೊನೆಗೆ 16.9 ಕೋಟಿ. 37 ಲಕ್ಷ ಹೆಸರು ಕಡಿಮೆ ಆದವು, ಆದರ ಆದಾಯ ಶೇ 4ರಷ್ಟು ಏರಿತು. ಗಿರಾಕಿ ಕಡಿಮೆ ಆದರೂ ಗಲ್ಲಾ ತುಂಬುತೈತಿ ಅಂದರ ಕಾರಣ ಒಂದೇ, ದರ. ಡಾಟ್ ಕಾಮ್‌ನ ಸಗಟು ದರ, ಅಂದರ ಒಂದು ಹೆಸರಿಗೆ ವರ್ಷಕ್ಕ ವೆರಿಸೈನ್ ತಗೊಳ್ಳೋ ರೊಕ್ಕ, 2012ರಿಂದ 7.85 ಡಾಲರ್‌ಗೆ ನಿಂತಿತ್ತು. 2021ರ ಸೆಪ್ಟೆಂಬರಿಗೆ 8.39, ಮರುವರ್ಷ 8.97, ಆಮೇಲೆ 9.59, 2024ರ ಸೆಪ್ಟೆಂಬರಿಗೆ 10.26. ಪ್ರತಿ ಸಲ ಶೇ 7. ಬ್ಯಾಡಗಿ ಸಾವಕಾರರ ಪೆನ್ಸಿಲ್ ಗೆರೆಗಳಿಗೂ ಈ ನಾಲ್ಕು ಮೆಟ್ಟಿಲಿಗೂ ತಾಳೆ ಹಾಕಿ ನೋಡಿದೆ, ಕೂಡಿ ಬಂತು.

ಆದರ ಒಂದು ಕಡೆ ನಾ ಸಿಕ್ಕಿಹಾಕಿಕೊಂಡೀನಿ. ಇಷ್ಟು ಲಾಭ ಮಾಡೋ ಕಂಪನಿಯ ಬ್ಯಾಲೆನ್ಸ್ ಶೀಟ್‌ನಾಗ ಷೇರುದಾರರ ಬಂಡವಾಳ ಮೈನಸ್ ಐತಿ! 190 ಕೋಟಿ ಡಾಲರಿಗಿಂತ ಹೆಚ್ಚು ಮೈನಸ್. ಆಸ್ತಿಗಿಂತ ಬಾಕಿ ಜಾಸ್ತಿ. ಇದು ದಿವಾಳಿ ಲಕ್ಷಣ ಹೌದೋ ಅಲ್ಲೋ? ಲೆಕ್ಕ ತಿಳಿದವರು ದಯವಿಟ್ಟು ಬಿಡಿಸಿ ಹೇಳ್ರಿ.

ಎಪಿಎಂಸಿ_ಗುಮಾಸ್ತ (ಬ್ಯಾಡಗಿ):

ಅಣ್ಣಾರ, ಮೊದಲ ನನಗ ಒಂದು ಹೇಳ್ರಿ. ನಾವು ಹೆಸರು ತಗೊಂಡಿದ್ದು ಬ್ಯಾರೆ ಕಂಪನಿ ಕಡೆ. ಟಿವಿಯಾಗ ಜಾಹೀರಾತು ಬರತಾವಲ್ರಿ, ಅಂಥಾವರ ಕಡೆ. ಈ ವೆರಿಸೈನ್ ಅನ್ನೋ ಹೆಸರು ಒಂದು ಬಿಲ್ಲಿನಾಗೂ ಇಲ್ಲ. ಇವರು ಎಲ್ಲಿಂದ ಬಂದರು ನಡುವ?

ವಿದ್ಯಾನಗರ_ವೆಬ್:

ಚಲೋ ಪ್ರಶ್ನೆ ಕೇಳಿದಿ ತಮ್ಮಾ. ಎಲ್ಲಾರೂ ಎಡವೋದು ಇಲ್ಲೇ. ನೀ ಹೇಳೋ ಕಂಪನಿ ರಿಜಿಸ್ಟ್ರಾರ್, ಅಂದರ ಚಿಲ್ಲರೆ ಅಂಗಡಿ. ಅಂಥಾವು ನೂರಾರು ಅದಾವು, ಅವರವರಲ್ಲಿ ಪೈಪೋಟಿ ಐತಿ, ದರ ಹಿಂದ ಮುಂದ ಆಗತೈತಿ. ಅವರ ಹಿಂದ ಒಂದು ದೊಡ್ಡ ಖಾತೆ ಪುಸ್ತಕ ಐತಿ. ಜಗತ್ತಿನ ಅಷ್ಟೂ ಡಾಟ್ ಕಾಮ್ ಹೆಸರು ಅದರಾಗ ಬರೆದಿರತಾವ. ಆ ಪುಸ್ತಕ ಇಟ್ಟುಕೊಂಡವರು ರಿಜಿಸ್ಟ್ರಿ. ಡಾಟ್ ಕಾಮ್‌ಗೆ ಅಂಥಾ ಪುಸ್ತಕ ಒಂದೇ, ಇಟ್ಟುಕೊಂಡವರೂ ಒಬ್ಬರೇ. ಅಂಗಡಿ ಯಾವುದಾದರೂ ಹಿಡಿ, ವರ್ಷಕ್ಕ 10.26 ಡಾಲರ್ ಆ ಪುಸ್ತಕದವರಿಗೆ ಮುಟ್ಟಲೇಬೇಕು. ನಿನ್ನ 2025ರ ಬಿಲ್ಲಿನಾಗ ಸುಮಾರು 880 ರೂಪಾಯಿ ಅದು. ಉಳಿದದ್ದು ಅಂಗಡಿಯವರ ಪಾಲು, ಹೆಸರುಗಳ ಉಸ್ತುವಾರಿ ನೋಡೋ ಐಕಾನ್ ಸಂಸ್ಥೆಗೆ ಕೆಲವು ಸೆಂಟು, ಮ್ಯಾಲೆ ಶೇ 18 ಜಿಎಸ್‌ಟಿ.

ನಿವೃತ್ತ_ಬ್ಯಾಂಕಿನವ (ಧಾರವಾಡ):

ಮಾಳಮಡ್ಡಿಯ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಮೂವತ್ತೊಂದು ವರ್ಷ ಸಾಲದ ವಿಭಾಗದಲ್ಲಿ ಬ್ಯಾಲೆನ್ಸ್ ಶೀಟ್ ಓದಿದವನು. ಮೈನಸ್ ಬಂಡವಾಳದ ಶೀಟು ನನ್ನ ಮೇಜಿಗೆ ಬಂದರೆ ಮೊದಲ ಪುಟಕ್ಕೇ ಕೆಂಪು ಶಾಯಿ ಬೀಳುತ್ತಿತ್ತು. ಆದರೆ ಇದನ್ನು ಹಾಗೆ ಓದಬಾರದು. ನಿಧಾನವಾಗಿ ನೋಡೋಣ.

ಬಾಕಿ ಕಡೆ ಎರಡು ದೊಡ್ಡ ಮೊತ್ತಗಳಿವೆ. ಒಂದು, ಸುಮಾರು 180 ಕೋಟಿ ಡಾಲರ್ ಬಾಂಡ್ ಸಾಲ. ಇದಕ್ಕೆ ವರ್ಷದ ಬಡ್ಡಿ ಏಳೂವರೆ ಕೋಟಿ ಡಾಲರ್ ಆಸುಪಾಸು. 106 ಕೋಟಿ ಗಳಿಸುವವನಿಗೆ ಆ ಬಡ್ಡಿ ಹೊರೆಯೇ ಅಲ್ಲ, ಹದಿನಾಲ್ಕು ಪಟ್ಟು ಗಳಿಕೆ ಇದೆ. ಎರಡನೆಯದು ಸುಮಾರು 130 ಕೋಟಿ ಡಾಲರ್, ‘ಮುಂದೂಡಿದ ಆದಾಯ’. ಇದನ್ನು ಅರ್ಥ ಮಾಡಿಕೊಂಡರೆ ಇಡೀ ಕಂಪನಿ ಅರ್ಥವಾಗುತ್ತದೆ. ನೀವು ಹೆಸರಿಗೆ ಎರಡು ವರ್ಷದ ದುಡ್ಡು ಇವತ್ತೇ ಕಟ್ಟುತ್ತೀರಿ. ದುಡ್ಡು ಕೈಗೆ ಬಂತು, ಸೇವೆ ಇನ್ನೂ ಕೊಟ್ಟಿಲ್ಲ. ಹಾಗಾಗಿ ಲೆಕ್ಕಶಾಸ್ತ್ರ ಅದನ್ನು ಬಾಕಿ ಎನ್ನುತ್ತದೆ, ತಿಂಗಳು ಕಳೆದಂತೆ ಆದಾಯಕ್ಕೆ ಜಮಾ ಮಾಡುತ್ತದೆ. ಆದರೆ ಈ ಬಾಕಿಯನ್ನು ನಗದಾಗಿ ಯಾರಿಗೂ ತಿರುಗಿ ಕೊಡಬೇಕಿಲ್ಲ. ಹೆಸರು ನಡೆಯುವಂತೆ ನೋಡಿಕೊಂಡರಾಯಿತು, ಅದಕ್ಕೆ ಕೈಯಿಂದ ಹೋಗುವುದು ನೂರರಲ್ಲಿ ಮೂವತ್ತೆರಡು. ಮದುವೆ ಸೀಸನ್ನಿಗೆ ಮೊದಲೇ ಅಡ್ವಾನ್ಸ್ ಹಿಡಿದುಕೊಂಡ ಕಲ್ಯಾಣ ಮಂಟಪದವನ ಹಾಗೆ. ಅವನ ಪುಸ್ತಕದಲ್ಲಿ ಅದು ಬಾಕಿ, ಅವನ ಮನೆಯಲ್ಲಿ ಅದು ಬಂಡವಾಳ.

ಇನ್ನು ಮೈನಸ್ ಹೇಗಾಯಿತು? ಗಳಿಸಿದ್ದನ್ನು ಕಳೆದುಕೊಂಡು ಆಗಿದ್ದಲ್ಲ, ಷೇರುದಾರರಿಗೆ ತಿರುಗಿ ಕೊಟ್ಟು ಆಗಿದ್ದು. 2024ರಲ್ಲಿ ವ್ಯವಹಾರದಿಂದ ಬಂದ ನಗದು 90 ಕೋಟಿ ಡಾಲರ್. ಯಂತ್ರ, ಕಟ್ಟಡಕ್ಕೆ ಹಾಕಿದ್ದು 3 ಕೋಟಿಯೂ ಇಲ್ಲ. ಅದೇ ವರ್ಷ ತನ್ನದೇ ಷೇರುಗಳನ್ನು ಮಾರುಕಟ್ಟೆಯಿಂದ ವಾಪಸ್ ಕೊಳ್ಳಲು ಸುರಿದದ್ದು 120 ಕೋಟಿ! ಕೈಯಲ್ಲಿದ್ದ ನಗದಿನಿಂದಲೂ ತೆಗೆದು ಕೊಟ್ಟಿದ್ದಾರೆ. ಹೀಗೆ ವರ್ಷಗಟ್ಟಲೆ ಮಾಡಿದರೆ ಬಂಡವಾಳದ ಕಾಲಂ ಮೈನಸ್‌ಗೆ ಇಳಿಯಲೇಬೇಕು. ಮುಂದಿನ ವರ್ಷದ ಆದಾಯ ಬರುತ್ತದೋ ಇಲ್ಲವೋ ಎಂಬ ಭಯ ಇದ್ದವನು ಹೀಗೆ ಮಾಡುವುದಿಲ್ಲ. ಆ ಭಯ ಯಾಕಿಲ್ಲ ಎಂಬುದು ಲೆಕ್ಕದ ಪ್ರಶ್ನೆಯಲ್ಲ, ಕರಾರಿನ ಪ್ರಶ್ನೆ.

ಷೇರು_ಹುಚ್ಚ (ಗೋಕುಲ ರೋಡ್):

ಬ್ಯಾಂಕಿನ ಸರ್, ಭಾಳ ಚಂದ ಹೇಳಿದ್ರಿ. ಒಂದು ಸೇರಿಸ್ತೀನಿ. ವಾರನ್ ಬಫೆಟ್ ಅವರ ಬರ್ಕ್‌ಶೈರ್ ಹ್ಯಾಥವೇ ಈ ಕಂಪನಿಯ ದೊಡ್ಡ ಷೇರುದಾರ, ಹತ್ತು ವರ್ಷಕ್ಕೂ ಹಿಂದಿನಿಂದ. 2025ರಲ್ಲಿ ಕಂಪನಿ ಮೂರು ತಿಂಗಳಿಗೊಮ್ಮೆ ಷೇರಿಗೆ 77 ಸೆಂಟ್ ಲಾಭಾಂಶ ಕೊಡಲಿಕ್ಕೂ ಶುರು ಮಾಡಿತು. ಟೋಲ್ ಗೇಟ್ ಇದ್ದಂಗ ಇದು. ಶೇ 68 ಲಾಭ ಹಾಕ್ಕೊಂಡು ಮಾರೋ ವ್ಯಾಪಾರ.

ನಿವೃತ್ತ_ಬ್ಯಾಂಕಿನವ:

ಒಂದು ತಿದ್ದುಪಡಿ. ಶೇ 68 ಎಂದರೆ ಖರ್ಚಿನ ಮೇಲೆ ಶೇ 68 ಹಾಕಿಕೊಂಡರು ಎಂದಲ್ಲ. ಮಾರಿದ ಬೆಲೆ ನೂರಾದರೆ ಖರ್ಚು ಮೂವತ್ತೆರಡು. ಖರ್ಚಿನ ಮೇಲೆ ನೋಡಿದರೆ ಇಮ್ಮಡಿಗಿಂತ ಹೆಚ್ಚು ಲಾಭ. ಎರಡೂ ಬೇರೆ ಬೇರೆ, ಬೆರೆಸಬೇಡಿ.

ಸರ್ವರ್_ಸಪ್ತಾಪುರ (ಧಾರವಾಡ):

ನೆಟ್‌ವರ್ಕ್ ಕೆಲಸದಲ್ಲಿರುವವನಾಗಿ ಇನ್ನೊಂದು ಮಗ್ಗುಲನ್ನೂ ಹೇಳಲೇಬೇಕು. “ಬರೀ ಪುಸ್ತಕ ಇಟ್ಟುಕೊಂಡು ದುಡ್ಡು ಎಣಿಸ್ತಾರೆ” ಎಂದು ಯಾರೂ ತಿಳಿಯಬಾರದು. ನೀವು ಬ್ರೌಸರ್‌ನಲ್ಲಿ ಒಂದು ಹೆಸರು ಹೊಡೆದಾಗ ಅದು ಯಾವ ಸರ್ವರ್‌ಗೆ ಹೋಗಬೇಕು ಎಂದು ಹುಡುಕುವ ದಾರಿಯಲ್ಲಿ ಈ ಕಂಪನಿಯ ಯಂತ್ರಗಳಿವೆ. ಆ ಹುಡುಕಾಟ ಶುರುವಾಗುವ ಮೂಲ ಯಂತ್ರಗಳಿಗೆ ರೂಟ್ ಸರ್ವರ್ ಎನ್ನುತ್ತಾರೆ; ಜಗತ್ತಿನ 13 ರೂಟ್ ಸರ್ವರ್ ಗುರುತುಗಳಲ್ಲಿ ಎ ಮತ್ತು ಜೆ ಎರಡನ್ನೂ ಇವರೇ ನಡೆಸುತ್ತಾರೆ. ಡಾಟ್ ಕಾಮ್, ಡಾಟ್ ನೆಟ್ ಹೆಸರು ಹುಡುಕುವ ವ್ಯವಸ್ಥೆ 27 ವರ್ಷಕ್ಕೂ ಹೆಚ್ಚು ಕಾಲ ಒಂದು ಕ್ಷಣ ನಿಂತಿಲ್ಲ ಎಂದು ಕಂಪನಿ ಹೇಳುತ್ತದೆ. ಹಗಲು ರಾತ್ರಿ ದಾಳಿಗಳ ನಡುವೆ ಅದನ್ನು ನಡೆಸುವುದು ಎಂಥ ಕೆಲಸ ಎಂದು ಒಂದು ಕಾಲೇಜಿನ ಸರ್ವರ್ ನೋಡಿಕೊಂಡು ನಿದ್ದೆಗೆಟ್ಟ ನನಗೆ ಗೊತ್ತು. ಡಾಟ್ ಕಾಮ್ ಒಂದು ತಾಸು ನಿಂತರೆ ಹುಬ್ಬಳ್ಳಿಯ ಬ್ಯಾಂಕಿನಿಂದ ಹಿಡಿದು ವಿಮಾನದ ಟಿಕೆಟ್‌ತನಕ ಎಲ್ಲವೂ ಮುಗ್ಗರಿಸುತ್ತದೆ. ಈ ಭರವಸೆಗೂ ಬೆಲೆ ಇದೆ.

ವಿದ್ಯಾನಗರ_ವೆಬ್:

ಸರ್, ಕೆಲಸ ಚಲೋ ಮಾಡ್ತಾರ, ಅದರ ಬಗ್ಗೆ ನನಗೂ ಗೌರವ ಐತಿ. ಆದರ ಒಂದು ಹಳೇದನ್ನೂ ನೆನಪಿಸ್ತೀನಿ. 2003ರ ಸೆಪ್ಟೆಂಬರ್‌ದಾಗ ಇದೇ ಕಂಪನಿ, ಯಾರಾದರೂ ತಪ್ಪು ಹೆಸರು ಹೊಡೆದರ ಅವರನ್ನೆಲ್ಲ ತನ್ನದೇ ಹುಡುಕು ಪುಟಕ್ಕೆ ತಿರುಗಿಸಿಬಿಟ್ಟಿತ್ತು. ಐಕಾನ್ ಗಟ್ಟಿಯಾಗಿ ಹೇಳಿದ ಮ್ಯಾಲೆ ಅಕ್ಟೋಬರ್‌ದಾಗ ನಿಲ್ಲಿಸಿದರು. ಪುಸ್ತಕ ಒಬ್ಬನ ಕೈಯಾಗ ಇದ್ದರ ಆಗೋ ಅಪಾಯ ಅದು.

ನನ್ನ ಪ್ರಶ್ನೆ ಕೆಲಸದ ಬಗ್ಗೆ ಅಲ್ಲ, ದರ ಯಾರು ಕಟ್ಟಿದರು ಅನ್ನೋದರ ಬಗ್ಗೆ. ಬ್ಯಾಂಕಿನ ಸರ್ ಹೇಳಿದ ಆ ಕರಾರು ಹುಡುಕಿ ಓದಿದೆ. ಕಂಪನಿಗೆ ಎರಡು ಕರಾರು ಅದಾವು, ಒಂದು ಐಕಾನ್ ಜೋಡಿ, ಇನ್ನೊಂದು ಅಮೆರಿಕದ ವಾಣಿಜ್ಯ ಇಲಾಖೆ ಜೋಡಿ. 2012ರಾಗ ಇಲಾಖೆ ದರ ಏರಿಸೋದು ನಿಲ್ಲಿಸಿತ್ತು. 2018ರ ತಿದ್ದುಪಡಿಯಾಗ ಮತ್ತ ಬಿಟ್ಟಿತು: ಆರು ವರ್ಷದ ಅವಧಿಯಾಗ ಮೊದಲ ಎರಡು ವರ್ಷ ಸುಮ್ಮನಿರಬೇಕು, ಉಳಿದ ನಾಲ್ಕು ವರ್ಷ ಪ್ರತಿ ವರ್ಷ ಶೇ 7ರ ತನಕ ಏರಿಸಬಹುದು. 2020ರಾಗ ಐಕಾನ್ ಇದಕ್ಕ ಸಾರ್ವಜನಿಕರ ಅಭಿಪ್ರಾಯ ಕೇಳಿದಾಗ 9,000ಕ್ಕೂ ಹೆಚ್ಚು ಮಂದಿ ಬರೆದರು, ಬಹುತೇಕರು ಬ್ಯಾಡ ಅಂದರು. ಕರಾರು ಹಂಗೇ ಪಾಸ್ ಆತು. ಅವಧಿ ಮುಗಿದಾಗ ಹೊಸಾ ಟೆಂಡರ್ ಇಲ್ಲ. ದೊಡ್ಡ ತಪ್ಪು ಮಾಡದಿದ್ದರ ಅವರಿಗೇ ಮುಂದುವರಿಕೆ. 2024ರ ಡಿಸೆಂಬರ್ 1ರಿಂದ 2030ರ ನವೆಂಬರ್ ತನಕ ಈಗ ಮತ್ತ ಆಗೇ ಹೋಗೈತಿ.

ಟೆಂಡರ್ ಕರೆದರ ಏನಾಗತೈತಿ ಅನ್ನೋದಕ್ಕೂ ಉದಾಹರಣೆ ಐತಿ. 2005ರಾಗ ಡಾಟ್ ನೆಟ್‌ಗೆ ಐಕಾನ್ ಪೈಪೋಟಿ ಕರೆಯಿತು. ಗೆದ್ದವರು ವೆರಿಸೈನೇ, ಪುಸ್ತಕ ಕೈ ಬದಲಾಗಲಿಲ್ಲ. ಆದರ 6 ಡಾಲರ್ ಇದ್ದ ದರ 4.25ಕ್ಕೆ ಇಳೀತು. ಅದೇ ಕಂಪನಿ, ಅದೇ ಯಂತ್ರ, ಅದೇ ಭರವಸೆ. ಎದುರಿಗೆ ಇನ್ನೊಬ್ಬರು ಕುಂತಿದ್ದರು, ಅಷ್ಟೇ ಫರಕು.

ಎಪಿಎಂಸಿ_ಗುಮಾಸ್ತ:

ಇದು ನಮಗ ತಿಳೀತೈತಿ ನೋಡ್ರಿ. ಸೋಮವಾರ, ಗುರುವಾರ ಇಲ್ಲಿ ಮೆಣಸಿನಕಾಯಿ ಟೆಂಡರ್. ಒಂದು ಲಾಟಿಗೆ ಹತ್ತು ಮಂದಿ ರೇಟ್ ಬರೆದರ ಒಂದು ಬೆಲೆ, ಒಬ್ಬನ ಬರೆದರ ಇನ್ನೊಂದು ಬೆಲೆ. ಕಾಯಿ ಅದ, ಚೀಲ ಅದ.

ಸರ್ವರ್_ಸಪ್ತಾಪುರ:

ಒಪ್ಪಿದೆ. 2005ರ ಡಾಟ್ ನೆಟ್ ಸಂಗತಿ ಬಲವಾದದ್ದು. ಆಮೇಲೆ ಅದೂ ಟೆಂಡರ್ ಇಲ್ಲದೆ ಮುಂದುವರಿಯಿತು, ವರ್ಷಕ್ಕೆ ಶೇ 10ರ ತನಕ ಏರಿಸಲು ಅವಕಾಶವೂ ಇತ್ತು. 2024ರ ಫೆಬ್ರವರಿಗೆ 10.91 ಡಾಲರ್ ಆಗಿತ್ತು. ಡಾಟ್ ಕಾಮ್‌ಗಿಂತ ದುಬಾರಿ! ನಮ್ಮ ಡಾಟ್ ಇನ್ ಬೇರೆ ದಾರಿಯಲ್ಲಿದೆ. ಅದರ ಒಡೆತನ ನಿಕ್ಸಿ ಎಂಬ ಲಾಭಕ್ಕಲ್ಲದ ಭಾರತೀಯ ಸಂಸ್ಥೆಯದು, ಯಂತ್ರ ನಡೆಸುವ ಗುತ್ತಿಗೆ ಮಾತ್ರ ಹೊರಗಿನವರಿಗೆ. ಟೆಂಡರ್ ನಡೆದು 2019ರಲ್ಲಿ ಅಫಿಲಿಯಾಸ್‌ನಿಂದ ನ್ಯೂಸ್ಟಾರ್‌ಗೆ ಕೈ ಬದಲಾಯಿತು. ಲಕ್ಷಗಟ್ಟಲೆ ಹೆಸರು ಒಂದು ಪುಸ್ತಕದಿಂದ ಇನ್ನೊಂದಕ್ಕೆ ಹೋದವು. ಇಷ್ಟು ದೊಡ್ಡ ಪುಸ್ತಕ ಕೈ ಬದಲಿಸಲು ಆಗುವುದೇ ಇಲ್ಲ ಎನ್ನುವ ಮಾತು ನಿಲ್ಲುವುದಿಲ್ಲ.

ಕಣಗಿನಹಾಳ_ಮೊಮ್ಮಗ (ಗದಗ):

ನಾನು ಗದಗಿನವ, ಸಹಕಾರ ಸಂಘದ ಮನೆತನದವ. ನನಗೆ ಇದನ್ನೆಲ್ಲ ಓದುವಾಗ ನಮ್ಮೂರೇ ನೆನಪಾಯಿತು. 1905ರಲ್ಲಿ ಕಣಗಿನಹಾಳದ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಸಹಕಾರ ಸಂಘ ಕಟ್ಟಿದರು. ಎಲ್ಲರಿಗೂ ಬೇಕಾದ ಸಾಲದ ಗಲ್ಲಾ ಸಾಹುಕಾರನೊಬ್ಬನ ಕೈಲಿರಬಾರದು ಎಂಬ ಸಂಕಟ ಅದರ ಹಿಂದಿತ್ತು. ಹೆಸರುಗಳ ಪುಸ್ತಕವೂ ಹಂಗೆ ಎಲ್ಲರದ್ದಾಗಿ ಇರಲಿಕ್ಕೆ ಸಾಧ್ಯ. ಸೇವಾ ಸಂಸ್ಥೆಗಳು ಹೆಚ್ಚಾಗಿ ಬಳಸುವ ಡಾಟ್ ಆರ್ಗ್ ಪುಸ್ತಕ ಇವತ್ತಿಗೂ ಲಾಭಕ್ಕಲ್ಲದ ಸಂಸ್ಥೆಯ ಕೈಲಿದೆ. 2019ರಲ್ಲಿ ಅದನ್ನು ಎಥೋಸ್ ಕ್ಯಾಪಿಟಲ್ ಎಂಬ ಖಾಸಗಿ ಹೂಡಿಕೆದಾರರು 113.5 ಕೋಟಿ ಡಾಲರ್‌ಗೆ ಕೊಳ್ಳಲು ಬಂದರು. ಜಗತ್ತಿನಾದ್ಯಂತ ಸೇವಾ ಸಂಸ್ಥೆಗಳು ಎದ್ದು ನಿಂತವು. 2020ರ ಏಪ್ರಿಲ್ 30ಕ್ಕೆ ಐಕಾನ್ ಒಪ್ಪಿಗೆ ನಿರಾಕರಿಸಿತು. ಮಂದಿ ಕೂಗಿದರೆ ಕೇಳಿಸುತ್ತದೆ ಅನ್ನುವುದಕ್ಕೆ ನನಗೆ ಇದೊಂದು ಸಾಕ್ಷಿ.

ಬೆಟಗೇರಿ_ಸೀರೆ:

ನಿಮ್ಮ ಕೋಟಿಗಳ ಲೆಕ್ಕದ ನಡುವ ನನ್ನದೊಂದು ಸಣ್ಣ ಕಥಿ. ನಾವು ಕೈಮಗ್ಗದ ಸೀರಿ ಮಾಡ್ತೀವಿ. ಏಳು ವರ್ಷದ ಹಿಂದ ಒಬ್ಬ ಹುಡುಗನ ಕಡೆ ಸೈಟ್ ಮಾಡಿಸಿದ್ವಿ. ಡೊಮೇನು ಆತ ತನ್ನ ಇಮೇಲ್‌ದಾಗ ತಗೊಂಡಿದ್ದ, ನಮಗ ಗೊತ್ತಿಲ್ಲ. ಆತ ಬೆಂಗಳೂರಿಗೆ ಹೋದ, ನಂಬರ್ ಬದಲಾತು. ಒಂದಿನ ಮುಂಬೈದ ಗಿರಾಕಿ ಫೋನ್ ಮಾಡಿ “ಅಕ್ಕಾ, ನಿಮ್ಮ ಸೈಟ್ ತೆರೆದರ ಏನೇನೋ ಜಾಹೀರಾತು ಬರತಾವ” ಅಂದರು. ಅವಧಿ ಮುಗಿದು, ಬಿಡಿಸಿಕೊಳ್ಳೋ ದಿನಗಳೂ ಮುಗಿದು, ಹೆಸರು ಯಾರದೋ ಕೈ ಸೇರಿತ್ತು. ನಮ್ಮ ಅತ್ತೆಯವರ ಹೆಸರಿನ ಬ್ರ್ಯಾಂಡು ಅದು. ಸೀರಿ ಪೆಟ್ಟಿಗಿ ಮ್ಯಾಲೆ ಅಚ್ಚು ಹಾಕಿಸಿದ್ದ ವಿಳಾಸದ ಮ್ಯಾಲೆ ನಾನು, ನನ್ನ ಮಗಳು ಕುಂತು ಒಂದೊಂದಕ್ಕೂ ಬಿಳಿ ಸ್ಟಿಕರ್ ಅಂಟಿಸಿದ್ವಿ. 880 ರೂಪಾಯಿ ಹೆಚ್ಚಾತು ಕಡಿಮಿ ಆತು ಅನ್ನೋದಕಿಂತ, ಹೆಸರು ಯಾರ ಖಾತೆಯಾಗ ಐತಿ ಅಂತ ಮೊದಲ ನೋಡ್ಕೊಳ್ರಿ.

ವಿದ್ಯಾನಗರ_ವೆಬ್:

ಅಕ್ಕಾರ, ಓದಿ ಭಾಳ ಬ್ಯಾಸರಾತು. ಮುಗಿದ ಮ್ಯಾಲೆ ರಿಜಿಸ್ಟ್ರಾರ್ ಕೊಡೋ ಗಡುವು, ಆಮೇಲೆ 30 ದಿನ ದಂಡ ಕಟ್ಟಿ ಬಿಡಿಸಿಕೊಳ್ಳೋ ಅವಧಿ, ಕೊನೆಗೆ ಅಳಿಸೋ ಮೊದಲ ಕಾಯೋ 5 ದಿನ. ಅಲ್ಲಿಂದ ಹೆಸರು ಬಯಲಿಗೆ. ಎಲ್ಲಾ ಎಚ್ಚರಿಕೆ ಆ ಹುಡುಗನ ಇಮೇಲ್‌ಗೇ ಹೋಗಿರತಾವ. ನನ್ನ ಗಿರಾಕಿಗಳ ಪಟ್ಟಿ ತೆಗೆದು ಇವತ್ತೇ ನೋಡಿದೆ. ಹನ್ನೊಂದು ಹೆಸರು ಇನ್ನೂ ನನ್ನ ಇಮೇಲ್‌ದಾಗ ಇದ್ದವು. ಒಬ್ಬೊಬ್ಬರಿಗೇ ಫೋನ್ ಮಾಡಿ ಅವರವರ ಖಾತೆಗೆ ವರ್ಗಾಯಿಸ್ತಾ ಇದ್ದೀನಿ.

ಬ್ಯಾಂಕಿನ ಸರ್, ಒಂದು ಕೇಳತೀನಿ. ದರ ಏರಿಸೋ ಮೊದಲ ಆರು ತಿಂಗಳ ನೋಟಿಸ್ ಕೊಡಬೇಕು, ಹೆಸರನ್ನ ಹತ್ತು ವರ್ಷದ ತನಕ ಮುಂಗಡ ಕಟ್ಟಬಹುದು. ಬ್ಯಾಡಗಿ ಸಾವಕಾರರಿಗೆ ಈಗಲೇ ಪೂರ್ತಿ ಕಟ್ಟಿಸಿಬಿಡಲೇನು?

ನಿವೃತ್ತ_ಬ್ಯಾಂಕಿನವ:

ಲೆಕ್ಕ ಹಾಕಿದೆ. 2026ರ ಅಕ್ಟೋಬರ್‌ತನಕ ಏರಿಸುವಂತಿಲ್ಲ. ಆಮೇಲೆ ನಾಲ್ಕು ಸಲವೂ ಶೇ 7 ಪೂರ್ತಿ ಏರಿಸಿದರು ಎಂದು ಹಿಡಿಯಿರಿ: 10.98, 11.75, 12.57, 13.45. ಅಲ್ಲಿಂದ ಮುಂದೆ 13.45ಕ್ಕೇ ನಿಂತಿತು ಎಂದುಕೊಂಡರೆ, 9 ವರ್ಷ (ಚಾಲ್ತಿ ಅವಧಿ ಬಾಕಿ ಇದ್ದರೆ ಪೂರ್ತಿ ಹತ್ತು ಸಿಗಲಿಕ್ಕಿಲ್ಲ) ವರ್ಷಕ್ಕೊಮ್ಮೆ ಕಟ್ಟಿದರೆ ಒಟ್ಟು ಸುಮಾರು 110 ಡಾಲರ್. ಇವತ್ತೇ ಕಟ್ಟಿದರೆ 92. ಉಳಿತಾಯ 17 ಡಾಲರ್ ಚಿಲ್ಲರೆ. ಆದರೆ ಆ 92 ಡಾಲರ್ ಎಫ್‌ಡಿಯಲ್ಲಿದ್ದರೆ ಬರುವ ಬಡ್ಡಿ ಈ ಉಳಿತಾಯವನ್ನು ನುಂಗುತ್ತದೆ. ಹಾಗಾಗಿ ದುಡ್ಡು ಉಳಿಯುತ್ತದೆ ಎಂದು ಅವರಿಗೆ ಹೇಳಬೇಡಿ. ಬೆಟಗೇರಿಯ ತಾಯಿಯವರಿಗೆ ಆದಂತೆ ಮರೆತು ಹೆಸರು ಕಳೆದುಕೊಳ್ಳುವ ಭಯ ಹೋಗುತ್ತದೆ, ರೂಪಾಯಿ ಇಳಿದರೆ ಆ ಹೊಡೆತ ತಪ್ಪುತ್ತದೆ ಎಂದು ಹೇಳಿ. ಅದು ನಿಜ.

ವಿದ್ಯಾನಗರ_ವೆಬ್:

ಹಂಗೇ ಹೇಳಿದೆ ಸರ್. ಇವತ್ತ ಮಧ್ಯಾಹ್ನ ಸಾವಕಾರರು ಮತ್ತ ಬಂದಿದ್ದರು. ನಿಮ್ಮೆಲ್ಲರ ಮಾತು ಓದಿ ತೋರಿಸಿದೆ. 2005ರ ಟೆಂಡರ್ ಮಾತು ಎರಡು ಸಲ ಓದಿಸಿಕೊಂಡರು. ಬೆಟಗೇರಿ ಅಕ್ಕಾರು ಬರೆದದ್ದು ಕೇಳಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. “ಕಟ್ಟಿಬಿಡು, ನಮ್ಮಪ್ಪನ ಹೆಸರು” ಅಂದರು. ಹತ್ತು ವರ್ಷಕ್ಕ ಹೊಡೆದರ ತಗೊಳ್ಳಲಿಲ್ಲ. ಈಗಿನ ಅವಧಿ ಇನ್ನೂ ಎರಡು ವಾರ ಬಾಕಿ ಇತ್ತು, ಒಟ್ಟು ಹತ್ತು ವರ್ಷ ದಾಟೋ ಹಂಗಿಲ್ಲ. ಹಿಂಗಾಗಿ ಒಂಬತ್ತು ವರ್ಷ ಆತು. ಅದೇ ಹೆಸರಿನ ಡಾಟ್ ಇನ್ ಖಾಲಿ ಇತ್ತು, ಅದನ್ನೂ ತಗೊಂಡ್ವಿ. ಎರಡೂ ಅವರ ಮಗಳ ಇಮೇಲ್ ಖಾತೆಯಾಗ ಇಟ್ಟೀವಿ.

ರಸೀದಿ ಪ್ರಿಂಟ್ ತೆಗೆದು ಕೊಟ್ಟೆ. ಕಿಸೆಯಿಂದ ಅದೇ ಪೆನ್ಸಿಲ್ ತೆಗೆದು, 2034 ಅನ್ನೋದರ ಕೆಳಗೆ ಗೆರೆ ಎಳೆದು, ಚೀಲದಾಗ ಇಟ್ಟುಕೊಂಡು ಬಸ್ಸಿಗೆ ಹೋದರು. ವೆರಿಸೈನ್‌ನ ಮುಂದೂಡಿದ ಆದಾಯದ ಸಾಲಿನಾಗ ಇವತ್ತಿನಿಂದ ಬ್ಯಾಡಗಿಯದೂ 92 ಡಾಲರ್ ಐತಿ.